ಅಂದಾಜುಪಟ್ಟಿಯನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸಬಹುದೇ?

ಪ್ರಶ್ನೆ: ನಾನು ಮಂಡ್ಯದ ಸಿವಿಲ್ ಗುತ್ತಿಗೆದಾರ. ಖಾಸಗಿ ಮನೆಗಳ ಜೊತೆಗೆ ಸರ್ಕಾರದ ಸಣ್ಣ ಟೆಂಡರುಗಳನ್ನೂ ಹಾಕುತ್ತೇನೆ. ಅಂದಾಜುಪಟ್ಟಿಯನ್ನು ಚಾಟ್‌ಜಿಪಿಟಿಯಿಂದ ಮಾಡಿಸಿದರೆ ಎಂಜಿನಿಯರಿಗೆ ಕೊಡುವ ಹಣ ಉಳಿಯುತ್ತದೆ ಎನ್ನುತ್ತಾನೆ ನನ್ನ ಮಗ. ನಂಬಬಹುದೇ?
– ಒಬ್ಬ ಗುತ್ತಿಗೆದಾರ, ಮಂಡ್ಯ

ಉತ್ತರ: ನಿಮ್ಮ ಮಗ ಹೇಳುವ ಸಾಧನ ಉಪಯುಕ್ತವೇ, ಆದರೆ ಅದಕ್ಕೆ ವಹಿಸಬೇಕಾದ ಮೊದಲ ಕೆಲಸ ಅಂದಾಜುಪಟ್ಟಿಯಲ್ಲ. ಈ ವಾರ ಮಂಡ್ಯದಲ್ಲಿ ಎಂ-ಸ್ಯಾಂಡ್ ಲೋಡಿಗೆ ಎಷ್ಟು, ಕಾಂಕ್ರೀಟಿಗೆ ಅಚ್ಚು ಮತ್ತು ಆಸರೆ ಕಟ್ಟುವ ಸೆಂಟ್ರಿಂಗ್‌ನವರು ಚದರಕ್ಕೆ (ನೂರು ಚದರ ಅಡಿಗೆ) ಎಷ್ಟು ಕೇಳುತ್ತಾರೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಗೊತ್ತಿಲ್ಲದಿದ್ದರೂ ಯಾವುದೋ ಒಂದು ಅಂಕಿಯನ್ನು ಧೈರ್ಯವಾಗಿ ಹೇಳಿಬಿಡುತ್ತದೆ. ದರವನ್ನು ಲೋಕೋಪಯೋಗಿ ಇಲಾಖೆಯ ಚಾಲ್ತಿ ದರಪಟ್ಟಿಯಿಂದ ಮತ್ತು ನಿಮ್ಮ ಖರೀದಿ ಬಿಲ್ಲುಗಳಿಂದಲೇ ತೆಗೆದುಕೊಳ್ಳಿ.

ನಿಮಗೆ ನಿಜವಾದ ಲಾಭ ಇರುವುದು ಟೆಂಡರು ದಾಖಲೆಗಳನ್ನು ಓದಿಸುವುದರಲ್ಲಿ. ರಾಜ್ಯ ಸರ್ಕಾರದ ಟೆಂಡರು ತಾಣವಾದ ಕೆಪಿಪಿಪಿ ಪೋರ್ಟಲ್‌ನಿಂದ ಇಳಿಸಿಕೊಂಡ ಉದ್ದನೆಯ ಇಂಗ್ಲಿಷ್ ದಾಖಲೆಯನ್ನು ಕೊಟ್ಟು, ಇಎಂಡಿ (ಟೆಂಡರಿನೊಂದಿಗೆ ಕಟ್ಟುವ ಮುಂಗಡ ಠೇವಣಿ) ಮೊತ್ತ, ಭದ್ರತಾ ಠೇವಣಿ, ವಿಳಂಬಕ್ಕೆ ದಂಡ, ಕೆಲಸ ಮುಗಿದ ಮೇಲಿನ ದೋಷ ದುರಸ್ತಿಯ ಅವಧಿ, ದರ ಏರಿಕೆಗೆ ಪರಿಹಾರವಿದೆಯೇ ಇಲ್ಲವೇ ಎಂಬಿವನ್ನು ಷರತ್ತಿನ ಸಂಖ್ಯೆ ಹಾಗೂ ಪುಟದ ಸಂಖ್ಯೆಯೊಂದಿಗೆ ಕನ್ನಡದಲ್ಲಿ ಬರೆದುಕೊಡುವಂತೆ ಕೇಳಿ. ಬಳಿಕ ಆಯಾ ಪುಟವನ್ನು ನೀವೇ ತೆರೆದು ತಾಳೆ ನೋಡಿ, ಏಕೆಂದರೆ ಇಲ್ಲದ ಷರತ್ತನ್ನು ಇದೆ ಎನ್ನುವ ಚಾಳಿ ಇವುಗಳಿಗೆ ಇನ್ನೂ ಪೂರ್ತಿ ಹೋಗಿಲ್ಲ. ಸಣ್ಣ ಗುತ್ತಿಗೆದಾರರು ನಷ್ಟ ಅನುಭವಿಸುವುದು ಬಹಳಷ್ಟು ಸಲ ಸಿಮೆಂಟಿನ ಲೆಕ್ಕ ತಪ್ಪಿ ಅಲ್ಲ, ಓದದೆ ಸಹಿ ಹಾಕಿದ ಷರತ್ತಿನಿಂದ ಎಂಬುದು ನನ್ನ ಅಭಿಪ್ರಾಯ.

ಪ್ರಮಾಣದ ಲೆಕ್ಕಕ್ಕೂ ಬಳಸಬಹುದು, ಆದರೆ ಉತ್ತರವನ್ನಷ್ಟೇ ಕೇಳಬೇಡಿ. ಎಕ್ಸೆಲ್ ಹಾಳೆಯಲ್ಲಿ ಸೂತ್ರಗಳನ್ನು ಬರೆಸಿಕೊಳ್ಳಿ. ನಾವು ಮಾತನಾಡುವುದು ಅಡಿ ಮತ್ತು ಚದರದಲ್ಲಿ, ಇಲಾಖೆ ಅಳೆಯುವುದು ಮೀಟರಿನಲ್ಲಿ. ತಪ್ಪು ನುಸುಳುವ ಜಾಗ ಇದೇ. 30×40 ಅಡಿಯ, 5 ಇಂಚು ದಪ್ಪದ ತಾರಸಿಗೆ 500 ಘನ ಅಡಿ, ಅಂದರೆ ಸುಮಾರು 14.2 ಘನ ಮೀಟರ್ ಕಾಂಕ್ರೀಟು ಬೇಕು. ಮಿ.ಮೀ. ಲೆಕ್ಕದ ಕಂಬಿಯ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ, 12 ಎಂ.ಎಂ. ಕಂಬಿಗೆ ಅದು 0.89 ಕೆ.ಜಿ. ಇಂಥ ಒಂದೆರಡು ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡಿದರೆ ಹಾಳೆಯ ಯೋಗ್ಯತೆ ತಿಳಿಯುತ್ತದೆ.

ಎಂಜಿನಿಯರ್ ಹಣ ಉಳಿಸುವ ವಿಚಾರವನ್ನು ಮಾತ್ರ ಕೈಬಿಡಿ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆಯನ್ನು ಬಡಾವಣೆ ಮಾಡಿದ ಕಡೆ ಪಾಯ ಎಷ್ಟು ಆಳ ಹೋಗಬೇಕೆಂಬುದನ್ನು ಮಣ್ಣು ನೋಡಿದವರೇ ಹೇಳಬೇಕು. ಕಾರ್ಮಿಕರ ಆಧಾರ್ ಪ್ರತಿಗಳನ್ನು ಇಂಥ ಆ್ಯಪ್‌ಗಳಿಗೆ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ನೆನಪಿನಲ್ಲಿಡಿ.

ಪ್ರಶ್ನೆ: ನಮ್ಮ ಗುತ್ತಿಗೆದಾರರು ತಾರಸಿಯ ಫೋಟೊವನ್ನು ಎಐ ಆ್ಯಪ್‌ಗೆ ತೋರಿಸಿ, ಕಾಂಕ್ರೀಟು ಗಟ್ಟಿಯಾಗಿದೆ, ಸೆಂಟ್ರಿಂಗ್ ಬಿಚ್ಚಬಹುದು ಎನ್ನುತ್ತಿದ್ದಾರೆ. ಒಪ್ಪಲೇ?
– ಒಬ್ಬ ಓದುಗರು, ಮೈಸೂರು

ಉತ್ತರ: ಒಪ್ಪಬೇಡಿ. ಫೋಟೊದಲ್ಲಿ ಮೇಲಿನ ಬಿರುಕು, ಜಲ್ಲಿ ಎದ್ದು ಕಾಣುವ ತೂತುಗಳು ಸಿಗಬಹುದೇ ಹೊರತು ಒಳಗಿನ ಬಲ ಕಾಣಿಸದು. ಐಎಸ್ 456:2000 ಸಂಹಿತೆಯ ಪ್ರಕಾರ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ಬಳಸಿ ಸರಿಯಾಗಿ ಕ್ಯೂರಿಂಗ್ ಮಾಡಿದ್ದರೆ (ನೀರುಣಿಸಿದ್ದರೆ), 4.5 ಮೀಟರ್‌ವರೆಗಿನ (ಗೋಡೆ ಅಥವಾ ತೊಲೆಗಳ ನಡುವಿನ) ಅಂತರದ ತಾರಸಿಯ ಆಸರೆಗಳನ್ನು 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನವಾದರೂ ಬಿಡಬೇಕು. ಪಿಪಿಸಿ (ಹಾರುಬೂದಿಯಂಥ ಪೊಝೊಲಾನಾ ಬೆರೆಸಿದ) ಸಿಮೆಂಟಾದರೆ ಎಂಜಿನಿಯರನ್ನು ಕೇಳಿ ಇನ್ನಷ್ಟು ಕಾಯುವುದು ಲೇಸು. ಕಾಂಕ್ರೀಟು ಹಾಕಿದ ದಿನ ಬಲದ ಪರೀಕ್ಷೆಗಾಗಿ 150 ಮಿ.ಮೀ. ಘನಗಳನ್ನು ಎರಕ ಹೊಯ್ದಿದ್ದಾರೆಯೇ, ಅವುಗಳ 28ನೇ ದಿನದ ಪರೀಕ್ಷೆ ಯಾವ ಪ್ರಯೋಗಾಲಯದಲ್ಲಿ ನಡೆಯಲಿದೆ ಎಂದು ಗುತ್ತಿಗೆದಾರರನ್ನು ಕೇಳಿ, ವರದಿಯ ಪ್ರತಿಯನ್ನು ಪಡೆದುಕೊಳ್ಳಿ.