ಜುಲೈ ಬೇಡ, ಫೆಬ್ರವರಿಯಲ್ಲಿ ಹೋಗಿ

ಜುಲೈನಲ್ಲಿ ಎರಡು ದಿನ ಬೆಂಗಳೂರಿನ ಸುತ್ತಮುತ್ತಲಿನ ವೈನರಿಗಳಿಗೆ ಹೋಗಬೇಕು, ಜೊತೆಗೆ ವೈನ್ ಕುಡಿಯದ ಅಮ್ಮನೂ ಇರುತ್ತಾರೆ ಅಂತ ಕೇಳಿದ್ದೀರಿ. ದಯವಿಟ್ಟು ಪ್ರವಾಸವನ್ನು ಫೆಬ್ರವರಿಗೆ ಹಾಕಿಕೊಳ್ಳಿ. ಜುಲೈನಲ್ಲಿ ಬಳ್ಳಿಯಲ್ಲಿ ಬರೀ ಎಲೆ. ನಮ್ಮ ಕಡೆ ವೈನ್ ದ್ರಾಕ್ಷಿಯ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸಿ ಸವರುತ್ತಾರೆ, ಬೇಸಿಗೆಯಲ್ಲೊಮ್ಮೆ, ಮಳೆ ಮುಗಿಯುವಾಗ ಇನ್ನೊಮ್ಮೆ. ಎರಡನೇ ಸಲ ಸವರಿದ ಮೇಲೆ ಬರುವ ಹಣ್ಣು ಚಳಿಗಾಲದಲ್ಲಿ ಮಾಗುತ್ತದೆ. ಗೊಂಚಲು ತೂಗುವ ತೋಟದಲ್ಲಿ ನಡೆಯುವ ಖುಷಿಯೇ ಬೇರೆ!

ಮೊದಲ ದಿನ ದೊಡ್ಡಬಳ್ಳಾಪುರದ ಹತ್ತಿರದ ಗ್ರೋವರ್ ಜಂಪಾ ವೈನರಿ. ನಂದಿ ಬೆಟ್ಟದ ಕಡೆಯ ಈ ತೋಟ ನನಗೆ ತುಂಬಾ ಇಷ್ಟ. ವೈನ್ ತುಂಬಿಡುವ ಓಕ್ ಮರದ ಪೀಪಾಯಿಗಳಿರುವ ಕೋಣೆಯನ್ನು ತಪ್ಪದೆ ನೋಡಿ, ಆ ತಂಪು, ಆ ವಾಸನೆ ಅಮ್ಮನಿಗೂ ಹಿಡಿಸುತ್ತದೆ. ಆಮೇಲೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ. ದಾರಿಯಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ಸಿಕ್ಕರೆ ಒಂದು ಕೆಜಿ ತಗೊಳ್ಳಿ. ವೈನ್ ಮಾಡುವ ಕ್ಯಾಬರ್ನೆ, ಶಿರಾಜ್ ದ್ರಾಕ್ಷಿಗಳು ಬೇರೆ ತಳಿಗಳು, ರುಚಿ ಹೋಲಿಸಿ ನೋಡಬಹುದು.

ಎರಡನೇ ದಿನ ಚನ್ನಪಟ್ಟಣದ ಕಡೆ ಡೊಮೇನ್ ಸುಲಾ ವೈನರಿ. ಅದು ಮೈಸೂರು ದಿಕ್ಕು, ಒಂದೇ ದಿನ ಎರಡನ್ನೂ ಸೇರಿಸಿದರೆ ಸುಮ್ನೆ ಟ್ರಾಫಿಕ್‌ನಲ್ಲೇ ಹೊತ್ತು ಹೋಗುತ್ತದೆ. ಅಮ್ಮನಿಗೆ ಅಲ್ಲಿ ಮರದ ಗೊಂಬೆಗಳಿವೆ, ಅಲ್ವಾ?

ಎರಡೂ ಕಡೆ ಮೊದಲೇ ಫೋನ್ ಮಾಡಿ ಬುಕ್ ಮಾಡಿಕೊಳ್ಳಿ. ಕಾರು ಓಡಿಸುವವರು ಒಂದು ಗುಟುಕೂ ಕುಡಿಯಬಾರದು, ಇಲ್ಲವೇ ಡ್ರೈವರ್ ಇಟ್ಟುಕೊಳ್ಳಿ.