ವರ್ಜೀನಿಯಾದ ಹೊಲದಲ್ಲಿ ಮೆಟಲ್ ಡಿಟೆಕ್ಟರ್‌ಗೆ ಸಿಕ್ಕ 27 ಮಿ.ಮೀ. ಅಗಲದ ‘ಕರೋಲಸ್’ ಬೆಳ್ಳಿ ನಾಣ್ಯ ಯಾವುದು?

ಅಳತೆ ನೋಡಿದರೆ ಸ್ಪೇನ್ ದೊರೆಗಳ 2 ರಿಯಾಲ್; ‘ಕರೋಲಸ್’ ಅಂದರೆ ಲ್ಯಾಟಿನ್‌ನಲ್ಲಿ ಚಾರ್ಲ್ಸ್, ದೊರೆಯ ಹೆಸರು. ಅಮೆರಿಕದಲ್ಲಿ ಈ ಬೆಳ್ಳಿ 1857ರವರೆಗೂ ಕಾನೂನುಬದ್ಧ ಹಣವಾಗಿತ್ತು, ಹಾಗಾಗಿ ಹೊಲದಲ್ಲಿ ಸಿಕ್ಕಿದ್ದು ಅಚ್ಚರಿಯಲ್ಲ.

ಮಣ್ಣನ್ನು ಉಜ್ಜಬೇಡಿ, ಮರಳಿನ ಕಣ ಬೆಳ್ಳಿಯನ್ನು ಗೀರುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿಡಿ, ಹುಣಸೆಹಣ್ಣಂತೂ ಬೇಡವೇ ಬೇಡ.

ಆಮೇಲೆ ತೂಗಿ. ಸ್ಪೇನಿನ ಅಮೆರಿಕ ವಸಾಹತುಗಳಲ್ಲಿ ಅಚ್ಚಾದ 2 ರಿಯಾಲ್ ಹೊಸದರಲ್ಲಿ ಸುಮಾರು 6.77 ಗ್ರಾಂ. ಸ್ಪೇನ್‌ನಲ್ಲೇ ಅಚ್ಚಾದದ್ದು ಹುಟ್ಟಿನಿಂದಲೇ 6 ಗ್ರಾಂ ಆಸುಪಾಸು; ಸವೆದ ವಸಾಹತು ನಾಣ್ಯವೂ ಅಷ್ಟಕ್ಕೇ ಇಳಿಯುವುದರಿಂದ ತೂಕವೊಂದನ್ನೇ ನಂಬಿದವರು ಎಡವುವುದು ಇಲ್ಲೇ. ಟಾರ್ಚನ್ನು ಓರೆಯಾಗಿ ಹಿಡಿದು ಹಿಂಬದಿಯ ಗುರಾಣಿ ಚಿತ್ರದ ಸುತ್ತಲಿನ ಲ್ಯಾಟಿನ್ ಬರಹ ಓದಿ: ‘ಹಿಸ್ಪಾನ್ ಎಟ್ ಇಂಡ್ ರೆಕ್ಸ್’ ಅಂದರೆ ವಸಾಹತಿನದು, ‘ಹಿಸ್ಪಾನಿಯಾರಂ ರೆಕ್ಸ್’ ಅಂದರೆ ಸ್ಪೇನಿನದು. ವಸಾಹತಿನದಾದರೆ ‘ರೆಕ್ಸ್’ ಆದ ಮೇಲೆ ಟಂಕಸಾಲೆಯ ಗುರುತು: ‘ಎಂ’ ನೆತ್ತಿಯ ಮೇಲೆ ಪುಟ್ಟ ‘ಓ’ ಇದ್ದರೆ ಮೆಕ್ಸಿಕೊ, ಪಿ-ಟಿ-ಎಸ್ ಒಂದರೊಳಗೊಂದು ಹೆಣೆದಿದ್ದರೆ ಪೊಟೊಸಿ (ಇಂದಿನ ಬೊಲಿವಿಯಾದಲ್ಲಿದೆ). ಕೊನೆಯ ಅಕ್ಷರಗಳು ಬೆಳ್ಳಿ ಪರೀಕ್ಷಕರವು. ತಲೆಯ ಕೆಳಗಿನ ಇಸವಿ ಅಳಿಸಿದ್ದರೂ ಇವುಗಳಿಂದ ಕಾಲ ಹಿಡಿಯಬಹುದು. ಮೆಕ್ಸಿಕೊದ ‘ಎಫ್ ಎಂ’ 1770ರ ದಶಕದ್ದು ಇಲ್ಲವೇ 1784–1801ರದು.

ಅಂದಹಾಗೆ, ಹೆಸರು ನಾಲ್ಕನೇ ಚಾರ್ಲ್ಸನದು, ಮುಖ ಮಾತ್ರ ಮೂರನೆಯವನದು ಎಂದಾದರೆ ನಕಲಿ ಎಂದು ಎಸೆಯಬೇಡಿ. ಹೊಸ ದೊರೆಯ ಅಚ್ಚು ಬರುವತನಕ, 1789–90ರಲ್ಲಿ, ಹಳೆಯ ಮುಖದಲ್ಲೇ ಟಂಕಿಸಿದ್ದರು.