ತಂಗಿಯ ದವಡೆಯಲ್ಲಿ ಕಪ್ಪು ನೆರಳು: ಮೊದಲು ಬಯಾಪ್ಸಿಯೋ, ನೇರ ಆಪರೇಷನ್ನೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ತಂಗಿಗೆ 24 ವರ್ಷ. ಕೆಳದವಡೆಯ ಬಲಗಡೆ ಹುಟ್ಟದೆ ಒಳಗೇ ಉಳಿದ ಬುದ್ಧಿಹಲ್ಲಿನ ಸುತ್ತ ಒಪಿಜಿ (ಇಡೀ ದವಡೆಯ) ಎಕ್ಸ್‌ರೇಯಲ್ಲಿ ಲಿಂಬೆಹಣ್ಣಿನಷ್ಟು ಕಪ್ಪು ನೆರಳು. ನೋವಿಲ್ಲ. ಒಬ್ಬ ಡಾಕ್ಟರು "ಸಿಸ್ಟ್ ಅಷ್ಟೇ, ಹಲ್ಲಿನ ಜೊತೆ ತೆಗೆದುಬಿಡೋಣ" ಅಂದರು. ಇನ್ನೊಬ್ಬರು ಮೊದಲು ಬಯಾಪ್ಸಿ, ಅಂದರೆ ಒಂದು ಚೂರು ತೆಗೆದು ಪರೀಕ್ಷೆ, ಅಂದರು. ಮನೆಯಲ್ಲಿ ದೊಡ್ಡಮ್ಮ "ಗಡ್ಡೆಗೆ ಕತ್ತಿ ತಾಗಿಸಿದ್ರೆ ಕೆರಳುತ್ತೆ" ಅಂತ ಹಟ ಹಿಡಿದಿದ್ದಾರೆ.

ನಾನು ಆಪರೇಷನ್ ಮಾಡುವವನಲ್ಲ. ಡೆಂಟಲ್ ಕಾಲೇಜೊಂದರ ಓರಲ್ ಪೆಥಾಲಜಿ ವಿಭಾಗದಲ್ಲಿ ಕೂತು, ಸರ್ಜನ್ನರು ಕಳಿಸಿದ ತುಂಡನ್ನು ಮೈಕ್ರೋಸ್ಕೋಪಿನಡಿ ನೋಡಿ ಅದಕ್ಕೊಂದು ಹೆಸರು ಬರೆದು ಕೊಡುವವನು. ಹಾಗಾಗಿ ನನ್ನ ಪಕ್ಷಪಾತ ಯಾವ ಕಡೆ ಅಂತ ನಿಮಗೇ ಗೊತ್ತಾಗುತ್ತೆ. ಬಯಾಪ್ಸಿ ಮಾಡಿಸಿ.

ಯಾಕೆಂದರೆ ಆ ಒಂದು ನೆರಳಿಗೆ ಕನಿಷ್ಠ ಮೂರು ಹೆಸರು ಇರಬಹುದು. ಹೆಚ್ಚಾಗಿ ಸಿಗೋದು ಡೆಂಟಿಜೀರಸ್ ಸಿಸ್ಟ್. ಹುಟ್ಟದ ಹಲ್ಲಿನ ತಲೆಯ ಸುತ್ತ ನೀರು ತುಂಬಿದ ಚೀಲ, ಹಲ್ಲಿನ ಕುತ್ತಿಗೆಗೆ ಅಂಟಿಕೊಂಡಿರುತ್ತೆ. ಹಲ್ಲಿನ ಜೊತೆ ಚೀಲ ಪೂರ್ತಿ ಬಿಡಿಸಿ ತೆಗೆದರೆ ಅಲ್ಲಿಗೆ ಮುಗೀತು. ಎರಡನೆಯದು ಓಡಾಂಟೊಜೆನಿಕ್ ಕೆರಾಟೊಸಿಸ್ಟ್, ನಾವು ಓಕೆಸಿ ಅನ್ನೋದು. ಇದು ಕಳ್ಳ. ಮುಖ ಊದಿಸದೆ ಮೂಳೆಯೊಳಗೇ ಉದ್ದಕ್ಕೆ ಹರಿದುಕೊಂಡು ಹೋಗುತ್ತೆ, ತೆಗೆದ ಮೇಲೂ ಮರಳಿ ಬರೋ ಚಾಳಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 2005ರಲ್ಲಿ ಇದಕ್ಕೆ ಟ್ಯೂಮರ್ ಅಂತ ಬಡ್ತಿ ಸಿಕ್ಕಿತ್ತು, 2017ರಲ್ಲಿ ಮತ್ತೆ ಸಿಸ್ಟ್‌ಗಳ ಸಾಲಿಗೇ ಇಳಿಸಿದರು. ನಡುವಿನ ವರ್ಷಗಳಲ್ಲಿ ರಿಪೋರ್ಟಿನಲ್ಲಿ 'ಟ್ಯೂಮರ್' ಅನ್ನೋ ಪದ ಓದಿ ಅಳುತ್ತಾ ಬಂದವರನ್ನು ಕೂರಿಸಿ ನೀರು ಕೊಟ್ಟಿದ್ದೀನಿ.

ಮೂರನೆಯದು ಅಮೆಲೋಬ್ಲಾಸ್ಟೋಮಾ. ಹಲ್ಲಿನ ಎನಾಮಲ್ ಕಟ್ಟುವ ಜೀವಕೋಶಗಳ ವಂಶದ್ದು. ಕ್ಯಾನ್ಸರ್ ಅಲ್ಲ, ಆದರೆ ಸುಮ್ಮನೆ ಕೂರುವ ಜಾತಿಯೂ ಅಲ್ಲ. ನಿಧಾನವಾಗಿ ಮೂಳೆಯನ್ನು ಹೊರಕ್ಕೆ ತಳ್ಳಿ ತೆಳ್ಳಗೆ ಮಾಡುತ್ತೆ, ಬೆರಳಲ್ಲಿ ಒತ್ತಿದರೆ ಮೊಟ್ಟೆಚಿಪ್ಪು ಬಿರಿದ ಹಾಗೆ ಚಿಟಚಿಟ ಅನ್ನೋದೂ ಉಂಟು. ಎಕ್ಸ್‌ರೇಯಲ್ಲಿ ಸೋಪಿನ ನೊರೆಯ ಹಾಗೆ ಹಲವು ಕೋಣೆ ಕಂಡರೆ ಯಾರಿಗಾದರೂ ಅನುಮಾನ ಬರುತ್ತೆ. ತೊಂದರೆ ಇರೋದು ಒಂದೇ ಕೋಣೆಯದರಲ್ಲಿ. ಅದಕ್ಕೆ ಯೂನಿಸಿಸ್ಟಿಕ್ ಅಂತಾರೆ. ಹದಿಹರೆಯ, ಇಪ್ಪತ್ತರ ಆಸುಪಾಸಿನವರಲ್ಲಿ ಅದು ಹುಟ್ಟದ ಬುದ್ಧಿಹಲ್ಲನ್ನು ತಬ್ಬಿಕೊಂಡು ಥೇಟ್ ಡೆಂಟಿಜೀರಸ್ ಸಿಸ್ಟ್ ವೇಷದಲ್ಲೇ ಇರುತ್ತೆ. ನಿಮ್ಮ ತಂಗಿಗೆ ಅದೇ ಇದೆ ಅಂತ ಹೇಳ್ತಿಲ್ಲ. ಎಕ್ಸ್‌ರೇ ನೋಡಿ 'ಅದಲ್ಲ' ಅಂತ ಯಾರೂ ಹೇಳೋಕಾಗಲ್ಲ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಬಂದಿದ್ದ. ಬೇರೆ ಊರಲ್ಲಿ ಹಲ್ಲು ಕಿತ್ತು, ಚೀಲ ಕೆರೆದು, ಕೆರೆದದ್ದನ್ನು ಕಸಕ್ಕೆ ಹಾಕಿದ್ದರು. ಚೀಟಿಯಲ್ಲಿ 'ಸಿಸ್ಟ್ ತೆಗೆಯಲಾಗಿದೆ' ಅಂತ ಒಂದೇ ಸಾಲು. ಮೂರು ವರ್ಷಕ್ಕೆ ಕೆನ್ನೆ ಊದಿಕೊಂಡು ನಮ್ಮಲ್ಲಿಗೆ ಬಂದ, ಈ ಸಲ ತುಂಡು ನನ್ನ ಮೇಜಿಗೆ ಬಂತು. ಸ್ಲೈಡಿನಲ್ಲಿ ಕಂಡದ್ದು: ಅಂಚಿನುದ್ದಕ್ಕೂ ಅಡಿಕೆ ತೋಟದ ಸಾಲಿನ ಹಾಗೆ ಒಂದಕ್ಕೊಂದು ಒತ್ತಿ ನಿಂತ ಎತ್ತರದ ಜೀವಕೋಶಗಳು. ಪ್ರತಿಯೊಂದರ ನ್ಯೂಕ್ಲಿಯಸ್ ಬುಡ ಬಿಟ್ಟು ತುದಿಗೆ ಹತ್ತಿಕೊಂಡಿದೆ. ಸಾಲಿನ ಒಳಮಗ್ಗುಲಲ್ಲಿ ಜೇಡರ ಬಲೆಯಂಥ ಸಡಿಲ ಜಾಲ. ಅಮೆಲೋಬ್ಲಾಸ್ಟೋಮಾಗೆ ವಿಕರ್ಸ್ ಮತ್ತು ಗಾರ್ಲಿನ್ ಅನ್ನೋ ತಜ್ಞರು 1970ರಲ್ಲಿ ಬರೆದಿಟ್ಟ ಲಕ್ಷಣಗಳು, ಪರೀಕ್ಷೆಗೆ ಓದಿದ ಹಾಗೇ. ಆ ಸಾಲು ಮೂರು ವರ್ಷದ ಹಿಂದೆ ಕಸಕ್ಕೆ ಹೋದ ಚೀಲದಲ್ಲೂ ಇದ್ದಿರಬೇಕು, ಯಾರೂ ನೋಡಲಿಲ್ಲ. ಹುಡುಗನ ಅರ್ಧ ದವಡೆ ತೆಗೆದು, ಕಾಲಿನ ಫಿಬ್ಯುಲಾ ಮೂಳೆಯನ್ನು ರಕ್ತನಾಳ ಸಮೇತ ತಂದು ಅಲ್ಲಿ ಕೂರಿಸಬೇಕಾಯ್ತು.

ಬಯಾಪ್ಸಿ ಅಂದರೆ ನಿಮ್ಮ ತಂಗಿಯ ವಿಷಯದಲ್ಲಿ ಹೆಚ್ಚೇನಲ್ಲ. ಜಾಗ ಮರಗಟ್ಟಿಸಿ ಮೊದಲು ದಪ್ಪ ಸೂಜಿ ಹಾಕಿ ಎಳೆದು ನೋಡ್ತಾರೆ. ಒಣಹುಲ್ಲಿನ ಬಣ್ಣದ ನೀರು ಬಂದರೆ ಸಾಧಾರಣ ಸಿಸ್ಟ್ ಇರಬಹುದು. ಗಟ್ಟಿ ಮೊಸರಿನಂತೆ ಬೆಳ್ಳಗೆ ಬಂದರೆ ಓಕೆಸಿ ಕಡೆಗೆ ಮನಸ್ಸು ಹೋಗುತ್ತೆ. ರಕ್ತ ಸಿರಿಂಜಿನೊಳಗೆ ತಾನೇ ನುಗ್ಗಿ ಬಂದರೆ ಎಲ್ಲರೂ ಕೈ ಹಿಂದಕ್ಕೆ ತೆಗೀತಾರೆ, ಅದು ರಕ್ತನಾಳದ ಗಂಟು ಆಗಿರಬಹುದು, ಕತ್ತಿ ಹಾಕಿದರೆ ಜೀವಕ್ಕೇ ಅಪಾಯ. ಸೂಜಿ ಹಾಕದೆ ದವಡೆ ತೆರೆಯೋ ಸರ್ಜನ್ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. ಆಮೇಲೆ ಚೀಲದ ಗೋಡೆಯಿಂದ ಒಂದು ಚೂರು.

ಆ ಚೂರಿಗೂ ಮಿತಿ ಇದೆ, ಮುಚ್ಚಿಡಲ್ಲ. ಸೋಂಕಾಗಿ ಕೀವು ತುಂಬಿದ ಜಾಗದಿಂದ ತೆಗೆದ ಚೂರಿನಲ್ಲಿ ಮೂಲ ಗುರುತೆಲ್ಲ ಅಳಿಸಿಹೋಗಿರುತ್ತೆ. ಒಮ್ಮೆ ಅಂಥದ್ದನ್ನು ನಾನೇ 'ಸೋಂಕಿತ ಸಿಸ್ಟ್' ಅಂತ ಬರೆದು ಕಳಿಸಿದ್ದೆ. ಪೂರ್ತಿ ಚೀಲ ಬಂದಾಗ ಇನ್ನೊಂದು ಮೂಲೆಯಲ್ಲಿ ಅಮೆಲೋಬ್ಲಾಸ್ಟೋಮಾ ಇತ್ತು. ಅದಕ್ಕೇ ಮೊದಲ ರಿಪೋರ್ಟ್ ಏನೇ ಇರಲಿ, ಆಪರೇಷನ್ನಿನಲ್ಲಿ ತೆಗೆದದ್ದೆಲ್ಲವೂ ಮತ್ತೆ ಲ್ಯಾಬಿಗೆ ಹೋಗಬೇಕು.

ತುಂಡನ್ನು ಲ್ಯಾಬಿಗೆ ಒಯ್ಯೋ ಕೆಲಸ ಬಹಳ ಸಲ ಮನೆಯವರ ಕೈಗೇ ಬರುತ್ತೆ. ಬಾಟಲಿ ಅಗಲ ಬಾಯಿಯದ್ದಿರಲಿ, ಒಳಗೆ 10% ಫಾರ್ಮಲಿನ್ (ತುಂಡು ಕೊಳೆಯದ ಹಾಗೆ ಕಾಯೋ ದ್ರಾವಣ) ತುಂಡಿನ ಹತ್ತು ಪಟ್ಟಾದರೂ ಇರಲಿ. ಸಲೈನ್‌ನಲ್ಲಿಟ್ಟು ರಾತ್ರಿ ಬಸ್ಸಿನಲ್ಲಿ ತಂದದ್ದು ಬೆಳಿಗ್ಗೆ ಹೊತ್ತಿಗೆ ಕೊಳೆಯೋಕೆ ಶುರುವಾಗಿರುತ್ತೆ. ಒಬ್ಬರು ಖಾಲಿ ಇಂಜೆಕ್ಷನ್ ಬಾಟಲಿಗೆ ತುರುಕಿ ತಂದಿದ್ದರು. ಹೋಗುವಾಗ ಮೆತ್ತಗೆ ಹೋದದ್ದು ಒಳಗೆ ಫಾರ್ಮಲಿನ್‌ಗೆ ಗಟ್ಟಿಯಾಗಿ ಕೂತಿತ್ತು, ಗಾಜು ಒಡೆದೇ ತೆಗೆದೆವು. ಚೀಟಿಯಲ್ಲಿ ವಯಸ್ಸು, ಜಾಗ, ಎಷ್ಟು ದಿನದಿಂದ ಅನ್ನೋದನ್ನು ಬರೆಸಿ, ಒಪಿಜಿಯನ್ನೂ ಜೊತೆಗೆ ಕಳಿಸಿ. ಮೆತ್ತನೆ ತುಂಡಾದರೆ ರಿಪೋರ್ಟಿಗೆ ಮೂರು-ನಾಲ್ಕು ದಿನ. ಮೂಳೆ ಇದ್ದರೆ ಆಸಿಡ್‌ನಲ್ಲಿಟ್ಟು ಮೆದುಮಾಡಬೇಕು, ವಾರದ ಮೇಲೂ ಹಿಡಿಯುತ್ತೆ. ಫೋನ್ ಮಾಡಿ ಅವಸರ ಮಾಡಿದರೆ ಮೂಳೆ ಬೇಗ ಕರಗಲ್ಲ.

ಹೆಸರು ಗೊತ್ತಾದ ಮೇಲೆ ಚಿಕಿತ್ಸೆಯ ದಾರಿಯೇ ಬೇರೆ ಬೇರೆ. ದೊಡ್ಡ ಓಕೆಸಿಗೆ ಕೆಲವು ಸರ್ಜನ್ನರು ಮೊದಲು ಒಂದು ಕಿಂಡಿ ತೆರೆದು ಸಣ್ಣ ಕೊಳವೆ ಕೂರಿಸ್ತಾರೆ. ತಂಗಿಯೇ ದಿನಾ ಸಿರಿಂಜಿನಲ್ಲಿ ಸಲೈನ್ ಬಿಟ್ಟು ತೊಳೆಯಬೇಕು, ತಿಂಗಳುಗಟ್ಟಲೆ. ಬೇಸರದ ಕೆಲಸ, ಆದರೆ ಚೀಲ ಕುಗ್ಗಿ ಮೂಳೆ ತುಂಬಿಕೊಳ್ಳುತ್ತೆ, ಕೆಳತುಟಿಗೆ ಹೋಗುವ ನರವೂ ಉಳಿಯುತ್ತೆ. ಆಮೇಲೆ ಉಳಿದದ್ದನ್ನು ತೆಗೆದು, ಮೂಳೆಯ ಗೋಡೆಗೆ ಕಾರ್ನಾಯ್ ದ್ರಾವಣ ಹಚ್ಚೋದುಂಟು, ಅಂಟಿಕೊಂಡ ಕೋಶಗಳು ಸಾಯಲಿ ಅಂತ. ಮರಳೋದು ಹೆಚ್ಚಾಗಿ ಮೊದಲ ಐದು ವರ್ಷದಲ್ಲಿ, ಆದರೆ ಹತ್ತು ವರ್ಷದ ಮೇಲೆ ಬಂದದ್ದೂ ಇದೆ. ಒಂದಕ್ಕಿಂತ ಹೆಚ್ಚು ಕಡೆ ಓಕೆಸಿ ಕಂಡರೆ ಗಾರ್ಲಿನ್ ಸಿಂಡ್ರೋಮ್ ಅನ್ನೋ ವಂಶದಲ್ಲಿ ಬರೋ ಕಾಯಿಲೆ ಇದೆಯಾ ಅಂತಲೂ ನೋಡಬೇಕು.

ಹಲವು ಕೋಣೆಯ ಅಮೆಲೋಬ್ಲಾಸ್ಟೋಮಾಗೆ ಬರೀ ಕೆರೆಯೋದು ಸಾಲದು, ಹಾಗೆ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮರಳಿದ ವರದಿಗಳಿವೆ. ಎಕ್ಸ್‌ರೇಯಲ್ಲಿ ಕಾಣುವ ಅಂಚಿಗಿಂತ ಒಂದೆರಡು ಸೆಂಟಿಮೀಟರ್ ಆಚೆಗೆ ಒಳ್ಳೆಯ ಮೂಳೆ ಸೇರಿಸಿ ಕತ್ತರಿಸ್ತಾರೆ. ಒಂದೇ ಕೋಣೆಯದಾದರೆ ಗಡ್ಡೆ ಚೀಲದ ಒಳಮೈಯಲ್ಲೇ ಇದೆಯೋ, ಗೋಡೆಯೊಳಗೂ ನುಗ್ಗಿದೆಯೋ ಅನ್ನೋದರ ಮೇಲೆ ತೀರ್ಮಾನ. ನುಗ್ಗಿಲ್ಲದಿದ್ದರೆ ದವಡೆ ಉಳಿಸಿಕೊಳ್ಳೋ ಅವಕಾಶ ಚೆನ್ನಾಗಿದೆ. ಇಂಟರ್‌ನೆಟ್ಟಿನಲ್ಲಿ ಮಾತ್ರೆಯಿಂದಲೇ ಗುಣ ಅಂತ ಓದಿದ್ದರೆ, ಅದು 2014ರಲ್ಲಿ ಈ ಗಡ್ಡೆಯಲ್ಲಿ ಗುರುತಿಸಿದ ಬಿರಾಫ್ ಅನ್ನೋ ಜೀನಿನ ಬದಲಾವಣೆಯನ್ನು ತಡೆಯೋ ಮಾತ್ರೆಗಳ ಸುದ್ದಿ. ನಿಜವೇ, ಆದರೆ ಸದ್ಯಕ್ಕೆ ಎಲ್ಲರಿಗೂ ಬರೆದುಕೊಡೋ ಚಿಕಿತ್ಸೆ ಅಲ್ಲ.

ದೊಡ್ಡಮ್ಮನ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಊರಲ್ಲಿ ಯಾರೋ ಎಲೆಅಡಿಕೆ-ಹೊಗೆಸೊಪ್ಪಿನ ಹುಣ್ಣನ್ನು ವರ್ಷ ಪೂರ್ತಿ ಬಚ್ಚಿಟ್ಟು, ತಡೆಯೋಕಾಗದೆ ಆಸ್ಪತ್ರೆಗೆ ಹೋದರು, ಚೂರು ತೆಗೆದರು, ಎರಡೇ ತಿಂಗಳಲ್ಲಿ ಕೈಮೀರಿತು. ಕಾಯಿಲೆ ಮೊದಲೇ ಓಡ್ತಾ ಇತ್ತು, ಅಪವಾದ ಕತ್ತಿಗೆ ಬಂತು. ದೊಡ್ಡಮ್ಮನ ಜೊತೆ ವಾದ ಮಾಡಬೇಡಿ, ಡಾಕ್ಟರ ಹತ್ತಿರ ಅವರನ್ನೂ ಕರಕೊಂಡು ಹೋಗಿ, ಎಕ್ಸ್‌ರೇ ತೋರಿಸಿ ಹೇಳಿಸಿ. ಮನೆಯಲ್ಲಿ ಬೇರೆ ಯಾರಿಗಾದರೂ ಬಾಯಲ್ಲಿ ಎರಡು ವಾರ ದಾಟಿಯೂ ಮಾಯದ ಹುಣ್ಣಿದ್ದರೆ ಅವರನ್ನೂ ಅದೇ ದಿನ ತೋರಿಸಿಬಿಡಿ.

ತಂಗಿಗೆ ಕೆಳತುಟಿ, ಗಲ್ಲ ಮರಗಟ್ಟಿದ ಹಾಗೆ ಅನಿಸ್ತಿದೆಯಾ ಕೇಳಿ. ಹೌದಾದರೆ ನಾಳೆಯೇ ಹೋಗಿ. ಇಲ್ಲದಿದ್ದರೆ ಒಂದೆರಡು ವಾರದೊಳಗೆ ಸಾಕು. ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಂಥ ಕಡೆ ಸರ್ಜನ್, ಲ್ಯಾಬ್ ಎರಡೂ ಒಂದೇ ಕಾಂಪೌಂಡಿನಲ್ಲಿ ಸಿಗುತ್ತೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಈ ಆಪರೇಷನ್ ಸೇರುತ್ತಾ ಅಂತ ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ. ರಿಪೋರ್ಟ್ ಬಂದ ಮೇಲೆ ಅದರ ಕೊನೆಯ ಎರಡು ಸಾಲು ಇಲ್ಲೇ ಕೆಳಗೆ ಟೈಪ್ ಮಾಡಿ, ನೋಡಿ ಹೇಳ್ತೀನಿ. ಫೋಟೋ ಮಾತ್ರ ಹಾಕಬೇಡಿ, ಮೇಲುಗಡೆ ತಂಗಿಯ ಹೆಸರು ಇರುತ್ತೆ.